ಆಮೆಗೆ ಬಿಸಿಲು ಕಾಯಿಸಿದ ದಿನಗಳು

ಆಮೆಗೆ ಹುಷಾರಿಲ್ಲ ಅಂತ ರಜೆ ಕೇಳಲು ನಾಚಿಕೆಯಾಗಿ, ನನಗೇ ಜ್ವರ ಅಂತ ಬರೆದುಕೊಟ್ಟಿದ್ದೆ. ಪೂರ್ತಿ ಸುಳ್ಳೂ ಅಲ್ಲ ಅನ್ನಿ. ಆಗ ನನ್ನ ಮೈ ಯಾವತ್ತು ಸರಿಯಿತ್ತು? ಐದಕ್ಕೆ ಎದ್ದರೆ ತಿಂಡಿ, ಡಬ್ಬಿ, ಅತ್ತೆಯ ಮಾತ್ರೆ, ಒಂಬತ್ತಕ್ಕೆ ಬಸ್ಸು. ಸಂಜೆಯವರೆಗೆ ಕಾಲೇಜಿನ ಆಫೀಸಿನಲ್ಲಿ ಅಂಕಪಟ್ಟಿಗಳ ರಾಶಿ. ಇದರ ಮೇಲೆ ಅಂಗೈಯಗಲದ ಒಂದು ಆಮೆಮರಿ.

ತಂದವರು ನಮ್ಮನೆಯವರು. ದೇವರಾಜ ಮೊಹಲ್ಲಾದಲ್ಲಿ ಅವರದೊಂದು ಪಾತ್ರೆ ಅಂಗಡಿ. ಮನೆಯಲ್ಲಿದ್ದರೆ ಒಳ್ಳೇದಾಗುತ್ತೆ ಅಂತ ಯಾರೋ ಗಿರಾಕಿ ಕೊಟ್ಟರಂತೆ, ಇವರು ಪೇಪರಿನಲ್ಲಿ ಸುತ್ತಿಕೊಂಡು ಬಂದರು. ಕಪ್ಪು ಚಿಪ್ಪಿನ ಮೇಲೆ ರಂಗೋಲಿ ಎಳೆದ ಹಾಗೆ ಹಳದಿ ಗೆರೆಗಳು. "ಇದಕ್ಕೆ ಮಾಡೋರ್ಯಾರು?" ಅಂದೆ. ಮಾಡೋರು ಯಾರು ಅಂತ ಮೂವರಿಗೂ ಗೊತ್ತಿತ್ತು. ಅತ್ತೆ ಮಾತ್ರ ಅದನ್ನು ಎರಡೂ ಕೈಯಲ್ಲಿ ಎತ್ತಿ ಕಣ್ಣಿಗೊತ್ತಿಕೊಂಡರು.

"ಕೂರ್ಮಾವತಾರ ಕಣಮ್ಮ. ಬಾಗ್ಲಿಗೆ ಬಂದ ದೇವ್ರನ್ನ ಬ್ಯಾಡ ಅನ್ಬಾರ್ದು."

ಮಾವ ಹೋಗಿ ಆಗ ಒಂದೂವರೆ ವರ್ಷ. ಅವತ್ತಿನಿಂದ ಅತ್ತೆ ಬೀದಿ ಬಾಗಿಲ ಹತ್ತಿರ ಸುಳಿದವರಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಡುವವರ ಕಣ್ಣಿಗೆ ತನ್ನ ಬೋಳು ಹಣೆ ಬೀಳಬಾರದು ಅನ್ನುವುದು ಅವರ ಲೆಕ್ಕ. ನಾನು ಬೈದೆ, ಬೇಡಿಕೊಂಡೆ, ಮಾತು ಬಿಟ್ಟೂ ನೋಡಿದೆ. "ಬುಡವ್ವ, ನಿಂಗೆ ಗೊತ್ತಾಗಕಿಲ್ಲ" ಅಂದುಬಿಡುತ್ತಿದ್ದರು. ಕೃಷ್ಣಮೂರ್ತಿಪುರಂನ ನಮ್ಮ ಮನೆ ಎರಡು ಮನೆಗಳ ನಡುವೆ ಒತ್ತರಿಸಿಕೊಂಡು ನಿಂತಿದೆ. ಒಳಗೆ ಹಗಲಲ್ಲೂ ಲೈಟು ಹಾಕಬೇಕು. ಆ ಮನೆಯಲ್ಲಿ ನಡುಮನೆ, ಅಡುಗೆಮನೆ, ದೇವರಮನೆ, ಇಷ್ಟೇ ಅವರ ಓಡಾಟ. ಕಾಲು ಊದಿಕೊಳ್ಳುತ್ತಿತ್ತು, ಊಟ ಕಡಿಮೆಯಾಗುತ್ತಿತ್ತು. ನನ್ನ ಕಣ್ಣೆದುರಿಗೇ ಕರಗುತ್ತಿದ್ದರು.

ಆಮೆಯೂ ದೇವರಮನೆ ಸೇರಿತು. ಆಮೆ ಅಂದಮೇಲೆ ನೀರಲ್ಲಿರಬೇಕು ಅನ್ನುವುದರಲ್ಲಿ ನಮಗ್ಯಾರಿಗೂ ಅನುಮಾನವೇ ಬರಲಿಲ್ಲ, ನೋಡಿ. ಅಂಗಡಿಯಿಂದ ಹಿತ್ತಾಳೆ ಉರುಳಿ ಬಂತು, ಅದರ ತುಂಬ ನೀರು, ನಡುವೆ ಒಂದು ಕಲ್ಲು. ನೈವೇದ್ಯದ ಬಾಳೆಹಣ್ಣು, ಹಾಲನ್ನವೇ ಅದರ ಊಟ. ಶುಕ್ರವಾರ ಬಂತೆಂದರೆ ಚಿಪ್ಪಿಗೆ ಹರಳೆಣ್ಣೆ ತಿಕ್ಕಿ, ತಾವು ಇಟ್ಟುಕೊಳ್ಳದ ಕುಂಕುಮವನ್ನು ಅತ್ತೆ ಅದಕ್ಕಿಡುತ್ತಿದ್ದರು. ಅದನ್ನು ನೋಡಿ ನನಗೆ ಬೇಡ ಅನ್ನಲು ಬಾಯೇ ಬರುತ್ತಿರಲಿಲ್ಲ.

ಎರಡು ತಿಂಗಳಿಗೆ ಆಮೆ ಕಣ್ಣು ಬಿಡುವುದನ್ನು ನಿಲ್ಲಿಸಿತು. ರೆಪ್ಪೆ ಊದಿ ಅಂಟಿಕೊಂಡಿತ್ತು, ಮೂಗಿನಲ್ಲಿ ಗುಳ್ಳೆ. ಒತ್ತಿದ ಕಡೆ ಚಿಪ್ಪು ಬೆರಳಿಗೆ ಬಗ್ಗುತ್ತಿತ್ತು. ಆಗಲೇ ನಾನು ಜ್ವರ ಅಂತ ರಜೆ ಬರೆದುಕೊಟ್ಟು, ನಮ್ಮನೆಯವರ ಸ್ಕೂಟರಿನ ಹಿಂದೆ ಕೂತು, ಆಮೆಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಪ್ರಾಣಿಗಳ ಡಾಕ್ಟರ ಹತ್ತಿರ ಹೋದದ್ದು.

ಡಾಕ್ಟರು ಚಿಪ್ಪಿನ ಕುಂಕುಮ ಒರೆಸಿ ನಮ್ಮಿಬ್ಬರ ಮುಖ ನೋಡಿದರು. "ಇದು ನೀರಾಮೆ ಅಲ್ಲಮ್ಮ, ಒಣ ನೆಲದ್ದು. ನಕ್ಷತ್ರ ಆಮೆ. ಮನೇಲಿ ಇಟ್ಕೊಳ್ಳೋದೇ ಅಪರಾಧ. ಬಿಸಿಲಿಲ್ಲ, ಸೊಪ್ಪಿಲ್ಲ, ಇಪ್ಪತ್ತನಾಲ್ಕು ಗಂಟೆ ಥಂಡಿ. ಚಿಪ್ಪು ಎಲ್ಲಿಂದ ಗಟ್ಟಿಯಾಗ್ಬೇಕು?"

"ಕಿಟಕಿ ಹತ್ರ ಇಡ್ತೀವಿ ಸಾರ್" ಅಂದರು ನಮ್ಮನೆಯವರು.

"ಗಾಜು ದಾಟಿ ಬಂದ ಬಿಸಿಲು ಲೆಕ್ಕಕ್ಕಿಲ್ಲ. ನೇರ ಬಿಸಿಲೇ ಬೀಳ್ಬೇಕು. ಅದಿರಲಿ, ಮೊದಲು ಅರಣ್ಯ ಇಲಾಖೆಗೆ ಒಪ್ಪಿಸಿ. ಗುಣ ಆಗ್ಲಿ ಅಂತ ಕಾಯ್ತಾ ಕೂರ್ಬೇಡಿ."

ನಾವು ಕಾಯುತ್ತಾ ಕೂತೆವು. ಸಾಯೋ ಹಾಗಿರೋದನ್ನ ಹೊತ್ಕೊಂಡು ಹೋದ್ರೆ ನಾವೇ ಕೊಂದ್ವಿ ಅಂತಾರೆ, ಒಂಚೂರು ಚೇತರಿಸಿಕೊಳ್ಳಲಿ ಅಂತ ನಮ್ಮನೆಯವರು ಹೆದರಿದರು. ನಾನೂ ಹೂಂ ಅಂದೆ. ತಪ್ಪು ಅಂತ ಗೊತ್ತಿತ್ತು. ಜಗಳವಾಡುವ ಶಕ್ತಿ ಇರಲಿಲ್ಲ.

ಉರುಳಿ ಅಟ್ಟಕ್ಕೆ ಹೋಯಿತು. ಅಗಲವಾದ ಮರದ ಪೆಟ್ಟಿಗೆಗೆ ಒಣಮಣ್ಣು ಹಾಕಿ, ಅಡಗಿಕೊಳ್ಳಲು ಒಡೆದ ಮಡಕೆಯೊಂದನ್ನು ಬೋರಲು ಹಾಕಿದೆ. ಡಾಕ್ಟರು ಹೇಳಿದ ಹಾಗೆ ದಿನಕ್ಕೊಮ್ಮೆ ಆಮೆಯನ್ನು ತಟ್ಟೆಯ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ನಿಲ್ಲಿಸಿ, ಒರೆಸಿ, ಕಣ್ಣಿಗೆ ಡ್ರಾಪ್ಸ್ ಬಿಡಬೇಕು. ದಾಸವಾಳದ ಎಲೆ, ಗರಿಕೆ, ನುಗ್ಗೆಸೊಪ್ಪಿನ ಮೇಲೆ ಕ್ಯಾಲ್ಸಿಯಂ ಪುಡಿ ಉದುರಿಸಬೇಕು. ಇವೆಲ್ಲ ಹೇಗೋ ಆಗುತ್ತಿತ್ತು. ಆಗದಿದ್ದದ್ದು ಬಿಸಿಲು. ನಮ್ಮ ಮನೆಗೆ ನೇರ ಬಿಸಿಲು ಬೀಳುವುದು ಬೀದಿ ಕಡೆಯ ಮೆಟ್ಟಿಲ ಮೇಲೆ ಮಾತ್ರ, ಎಂಟೂವರೆಯಿಂದ ಒಂಬತ್ತೂವರೆವರೆಗೆ. ಕಾಗೆ, ಬೆಕ್ಕು ಇರುವ ಬೀದಿ, ಯಾರಾದರೂ ಪಕ್ಕದಲ್ಲಿ ಕೂತು ಕಾಯಲೇಬೇಕು. ನಮ್ಮನೆಯವರು ಎಂಟಕ್ಕೇ ಅಂಗಡಿಗೆ ಹೊರಟಿರುತ್ತಾರೆ.

ಮೊದಲ ಮೂರು ದಿನ ನಾನೇ ಕೂತೆ, ಮೂರು ದಿನವೂ ಬಸ್ಸು ತಪ್ಪಿತು. ನಾಲ್ಕನೆಯ ದಿನ ನನ್ನ ತಲೆ ಕೆಟ್ಟಿತು. ಪೆಟ್ಟಿಗೆ ತಂದು ಅತ್ತೆಯ ಮುಂದೆ ಇಟ್ಟೆ.

"ನಂಗಿರೋದು ಎರಡೇ ಕೈ ಅತ್ತೆ. ನಿಮ್ಮ ದೇವರು, ನೀವೇ ಕಾಯ್ಕೊಳ್ಳಿ. ಇಲ್ಲಾಂದ್ರೆ ಸಾಯಲಿ."

ಹಾಗಂದು ಹೊರಟುಹೋದೆ. ಬಸ್ಸಿನಲ್ಲಿ ಕೂತ ಮೇಲೆ ನನ್ನ ಮಾತೇ ನನಗೆ ಚುಚ್ಚತೊಡಗಿತು. ಅವತ್ತು ಯಾರ ಅಂಕಪಟ್ಟಿಗೆ ಏನು ಬರೆದೆನೋ ನನಗೇ ಗೊತ್ತಿಲ್ಲ.

ಸಂಜೆ ಬಂದಾಗ ಬೀದಿ ಬಾಗಿಲ ಮೂಲೆಯಲ್ಲಿ ಮಾವನ ಊರುಗೋಲು ಒರಗಿತ್ತು. ಅಲ್ಮೇರಾ ಹಿಂದೆ ಇದ್ದದ್ದು. "ಕಾಗೆ ಓಡ್ಸಕ್ಕೆ ಏನಾರ ಬೇಕಲ್ಲ" ಅಂದರು ಅತ್ತೆ, ನನ್ನ ಮುಖ ನೋಡದೆ.

ಎದುರುಮನೆಯವರು ಆಮೇಲೆ ಹೇಳಿದರು. ಮೊದಮೊದಲು ಯಾರಾದರೂ ಗಾಡಿ ಸ್ಟಾರ್ಟ್ ಮಾಡಿದ ಸದ್ದಾದರೆ ಅತ್ತೆ ಸೆರಗು ಎಳೆದುಕೊಂಡು ಗೋಡೆ ಕಡೆ ತಿರುಗುತ್ತಿದ್ದರಂತೆ. ಆದರೆ ಗೋಡೆ ನೋಡುತ್ತಾ ಕೂತರೆ ಕಾಗೆ ಕಾಣುವುದಿಲ್ಲವಲ್ಲ. ಒಂದು ದಿನ ಕಾಗೆಯೊಂದು ಆಮೆಯ ಕಾಲಿಗೇ ಕುಕ್ಕಲು ಬಂತಂತೆ. ಆಮೇಲಿಂದ ಬೀದಿಗೆ ಮುಖ ಮಾಡಿ ಕೂತರು. ಎದುರುಮನೆಯವರು "ಹೋಗ್ಬರ್ತೀನಿ ಅಜ್ಜಿ" ಅಂದರೆ, ಮೂರನೇ ವಾರಕ್ಕೆ "ಹೋಗ್ಬನ್ನಿ" ಅನ್ನುವುದೂ ಶುರುವಾಯಿತು. ಸೊಪ್ಪಿನವಳ ಹತ್ತಿರ ನುಗ್ಗೆಸೊಪ್ಪಿಗೆ ತಾವೇ ಚೌಕಾಸಿ ಮಾಡುತ್ತಿದ್ದರು. ದೇವರಿಗೆ ಕಿತ್ತ ದಾಸವಾಳದಲ್ಲಿ ಮೊದಲ ಪಾಲು ಆಮೆಗೆ. ಒಂದು ರಾತ್ರಿ ಎರಡನೇ ಸಲ ಸಾರು ಬಡಿಸಿಕೊಂಡರು.

ಆಮೆ ಕಣ್ಣು ಬಿಟ್ಟಿತು. ಚಿಪ್ಪು ಒಂದೊಂದೇ ಕಡೆ ಬಿಗಿಯಾಗುತ್ತಾ ಬಂತು. ವಾರಕ್ಕೊಮ್ಮೆ ನಾನು ಬೆರಳಿಟ್ಟು ಒತ್ತಿ ನೋಡುತ್ತಿದ್ದೆ. ಗಟ್ಟಿಯಾಗಲಿ ಅಂತ ಒಂದು ಮನಸ್ಸು. ಇನ್ನೊಂದು ಮನಸ್ಸು ಏನನ್ನುತ್ತಿತ್ತು ಅಂತ ಹೇಳಿಬಿಡುತ್ತೇನೆ: ನಿಧಾನಕ್ಕಾಗಲಿ. ಯಾಕೆಂದರೆ ಗಟ್ಟಿಯಾದ ದಿನ ಅದನ್ನು ಕೊಟ್ಟುಬರಬೇಕಿತ್ತು, ಕೊಟ್ಟ ಮೇಲೆ ಅತ್ತೆ ಮತ್ತೆ ದೇವರಮನೆಗೆ ಹೋಗಿ ಕೂತರೆ ಅವರನ್ನು ಈಚೆ ತರುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ.

ಕೊನೆಗೆ ಇನ್ನು ಮುಂದೂಡಲಾರದೆ ಒಂದು ಶನಿವಾರ ನಾನೂ ನಮ್ಮನೆಯವರೂ ಹೋಗಿ ಅರಣ್ಯ ಇಲಾಖೆಗೆ ಒಪ್ಪಿಸಿದೆವು. ಅಲ್ಲಿದ್ದವರು ಬೈದರು. ಬೈಯುವಂಥದ್ದೇ ಮಾಡಿದ್ದೆವು. ಬರೆಸಿಕೊಂಡರು, ಸಹಿ ಹಾಕಿಸಿಕೊಂಡರು. ಅತ್ತೆ ಮಡಕೆಚೂರನ್ನೂ ಕೊಟ್ಟು ಕಳಿಸಿದ್ದರು, ಅದಕ್ಕೆ ರೂಢಿಯಾಗಿದೆ ಅಂತ. ಅದನ್ನು ಅವರು ತೆಗೆದುಕೊಳ್ಳಲಿಲ್ಲ. ವಾಪಸು ತಂದು ಅಡುಗೆಮನೆ ಕಟ್ಟೆಯ ಕೆಳಗಿಟ್ಟೆ.

ಸೋಮವಾರ ಎಂಟೂವರೆಯಾಯಿತು. ಅತ್ತೆ ದೇವರಮನೆಯಲ್ಲೇ ಇದ್ದರು. ಭಾನುವಾರವೂ ಈಚೆ ಬಂದಿರಲಿಲ್ಲ. ನಾನು ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೊರಟೆ. ಚಪ್ಪಲಿ ಮೆಟ್ಟಲು ಮೆಟ್ಟಿಲ ಮೇಲೆ ಕೂತವಳಿಗೆ ಏಳಲು ಆಗಲಿಲ್ಲ. ಬಿಸಿಲು ಬೆನ್ನಿನ ಮೇಲೆ ಬಿದ್ದಿತ್ತು. ಹಾಗೇ ಮೊಣಕಾಲಿಗೆ ತಲೆಯಿಟ್ಟು ಅತ್ತುಬಿಟ್ಟೆ. ಎದುರುಮನೆಯವರು ಗಾಡಿ ಸ್ಟಾರ್ಟ್ ಮಾಡಿದರು, ನಾನು ತಲೆಯೆತ್ತಲಿಲ್ಲ.

ಹಿಂದೆ ಬಾಗಿಲು ಸದ್ದಾಯಿತು. ಅತ್ತೆ ಬಂದು ನನ್ನ ಪಕ್ಕದಲ್ಲಿ ನಿಧಾನವಾಗಿ ಕೂತರು. ಕೈಯಲ್ಲಿ ಮಾವನ ಕೋಲಿತ್ತು.

"ಬಸ್ಸಿಗೆ ಹೊತ್ತಾಯ್ತು ಅತ್ತೆ" ಅಂದೆ.

"ಓಗ್ಲಿ ಬುಡು. ಕೂತ್ಕೊ ಮಗ, ಬಿಸ್ಲು ಇನ್ನೂ ಐತೆ. ಕಾಗೆ ನಾನ್ ನೋಡ್ಕತೀನಿ."