ಮಾವಿನ ಮರಕ್ಕೆ ಬೈಯಲು ಬಂದವಳು

ಆಫೀಸಿನ ತೋಟ ನೋಡಿಕೊಳ್ಳುವ ಮಾಲಿಯನ್ನು ಎಲ್ಲರೂ ಮೆತ್ತಗಣ್ಣ ಎಂದೇ ಕರೆಯುತ್ತಿದ್ದರು. ಅಷ್ಟು ಮೆತ್ತಗಿನ ಆಸಾಮಿ. ಮಳೆಗಾಲದಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದು ಕತ್ತರಿಸುವ ಮಿಷನ್ ಕೆಟ್ಟು ಕೂತರೂ ಅದಕ್ಕೊಂದು ಒದೆ ಕೊಟ್ಟವನಲ್ಲ. ಕುಕ್ಕರಗಾಲಲ್ಲಿ ಕೂತು ಕತ್ತರಿಯಲ್ಲೇ ಕತ್ತರಿಸಿ ಮುಗಿಸುವವನು. ಚಳಿಗಾಲದಲ್ಲಿ ಗುಲಾಬಿ ಗಿಡ ಸವರುವಾಗ ಮುಳ್ಳು ಚುಚ್ಚಿದರೆ ತಾನೇ "ಸಾರಿ" ಎನ್ನುತ್ತಿದ್ದ. ಬೇಸಿಗೆಯಲ್ಲಿ ಯಾರಾದರೂ ಹುಲ್ಲು ತುಳಿದು ನಡೆದರೆ, ಅವರು ದಾಟಿಹೋಗುವ ತನಕ ಕಾದು, ತುಳಿದ ಜಾಗಕ್ಕೆ ನೀರು ಚಿಮುಕಿಸುತ್ತಿದ್ದ. ಇಂಥವನಿಗೆ ಮರದ ಮೇಲೆ ಕೈ ಎತ್ತುವ ಕಾಲ ಬಂತು ನೋಡಿ!

ಮ್ಯಾನೇಜರ್ ಕೋಣೆಯ ಕಿಟಕಿಯ ಹೊರಗೆ ಒಂದು ಮಾವಿನ ಮರ. ಮೆತ್ತಗಣ್ಣನೇ ನೆಟ್ಟು ಬೆಳೆಸಿದ್ದು. ಹನ್ನೊಂದು ವರ್ಷವಾದರೂ ಒಂದು ಹೂ ಬಿಟ್ಟಿರಲಿಲ್ಲ.

"ಈ ಸಲಾನೂ ಹೂ ಬಿಡ್ಲಿಲ್ಲ ಅಂದ್ರೆ ಕಡಿಸಿ ಬೈಕ್ ಶೆಡ್ ಹಾಕಿಸ್ತೀನಿ," ಎಂದುಬಿಟ್ಟರು ಮ್ಯಾನೇಜರ್. ಅವತ್ತು ಮೆತ್ತಗಣ್ಣನಿಗೆ ಊಟ ಸೇರಲಿಲ್ಲ.

ವಾಚ್‌ಮನ್ ಒಂದು ಉಪಾಯ ಹೇಳಿಕೊಟ್ಟ: "ಮಚ್ಚು ತೋರ್ಸಿ ಚೆನ್ನಾಗಿ ಬಯ್ಯಿ. ಹೆದರ್ಕೊಂಡು ಹೂ ಬಿಡುತ್ತೆ."

ಮೆತ್ತಗಣ್ಣ ಮಚ್ಚು ಹಿಡಿದು ನಿಂತ. ಗಂಟಲು ಸರಿಮಾಡಿಕೊಂಡ. "ನೋಡಪ್ಪಾ... ಕಡಿದುಬಿಡ್ತೀನಿ ಅಂತಲ್ಲ... ಕಡಿಯೋ ಮಾತು ನಡೀತಿದೆ, ಅಷ್ಟೇ," ಎಂದ. ಆಮೇಲೆ ಮನಸ್ಸು ತಡೆಯದೆ ಬುಡಕ್ಕೆ ಎರಡು ಕೊಡ ನೀರು ಹೆಚ್ಚಿಗೆ ಸುರಿದು ಬಂದ.

ಇದು ತನ್ನ ಕೈಲಾಗುವ ಕೆಲಸವಲ್ಲ ಎಂದು ಮರುದಿನ ಹೆಂಡತಿಯನ್ನೇ ಕರೆತಂದ. ಆಕೆ ಶಾಲೆಯೊಂದರಲ್ಲಿ ಆಯಾ. ಆಕೆ ಬಾಯಿ ತೆರೆದರೆ ಅಲ್ಲಿ ಗಂಟೆ ಬಾರಿಸುವುದೇ ಬೇಡ. ಗಂಡನ ಕೈಯಿಂದ ಮಚ್ಚು ಕಿತ್ತುಕೊಂಡವಳೇ ಶುರುಹಚ್ಚಿಕೊಂಡಳು.

"ನಾಚಿಕೆ ಆಗಲ್ವಾ ನಿಂಗೆ? ಹನ್ನೊಂದು ವರ್ಷದಿಂದ ಇದೇ ಜಾಗದಲ್ಲಿ ಬೇರು ಬಿಟ್ಕೊಂಡಿದ್ದೀಯ! ನಿನ್ನಾದ್ಮೇಲೆ ಬಂದೋರೆಲ್ಲ ಎಲ್ಲಿಂದೆಲ್ಲಿಗೋ ಹೋದ್ರು. ಹೊತ್ತುಹೊತ್ತಿಗೆ ಎಲ್ಲಾ ಕಾಲಬುಡಕ್ಕೇ ಬರುತ್ತೆ, ಮೈ ಬೆಳೆಸಿದ್ದೊಂದೇ ಬಂತು! ಇವತ್ತಿನವರೆಗೆ ನಿನ್ನಿಂದ ಯಾರಿಗೇನು ಪ್ರಯೋಜನ ಆಗಿದೆ, ಬಾಯಿ ಬಿಡು!"

ಮೆತ್ತಗಣ್ಣ ತಲೆ ತಗ್ಗಿಸಿದ. ಇದರಲ್ಲಿ ಮರಕ್ಕೆಷ್ಟು, ತನಗೆಷ್ಟು ಎಂದು ಬಿಡಿಸಿ ಕೇಳುವ ಧೈರ್ಯ ಅವನಿಗಿರಲಿಲ್ಲ.

ಅಷ್ಟರಲ್ಲಿ ಕಿಟಕಿ ತೆರೆದು ಮ್ಯಾನೇಜರ್ ತಲೆ ಹೊರಗೆ ಹಾಕಿದರು. ಅವರ ಮುಖ ಸಣ್ಣಗಾಗಿತ್ತು. "ಸಾಕು ಮಾಡಮ್ಮಾ. ನಾನೂ ಇಲ್ಲಿಗೆ ಬಂದು ಹನ್ನೊಂದು ವರ್ಷವೇ ಆಯ್ತು. ಒಂದೇ ಒಂದು ಪ್ರಮೋಷನ್ ಇಲ್ಲ. ಹಾಗಂತ ನನ್ನನ್ನ ಯಾರಾದ್ರೂ ಕಡಿದು ಬೈಕ್ ನಿಲ್ಸಿದ್ರಾ?"

"ಅಯ್ಯೋ, ನಿಮಗಲ್ಲ ಸಾರ್, ಮರಕ್ಕೆ!" ಎಂದಳು ಆಕೆ.

"ಗೊತ್ತಮ್ಮಾ. ಆದ್ರೂ ತಾಗ್ತು," ಎಂದರು ಅವರು. "ಆ ಮಚ್ಚು ಮೊದ್ಲು ಒಳಗಿಡಿ. ಮರ ಅದರ ಪಾಡಿಗೆ ಅದು ಇರ್ಲಿ."

ಬೈಕ್ ಶೆಡ್ ಗೇಟಿನ ಪಕ್ಕಕ್ಕೆ ಹೋಯಿತು. ಮೆತ್ತಗಣ್ಣನಿಗಾದ ಸಂತೋಷ ಅಷ್ಟಿಷ್ಟಲ್ಲ. ಮರ ಇನ್ನೂ ಹೂ ಬಿಟ್ಟಿಲ್ಲ, ಮ್ಯಾನೇಜರಿಗೆ ಪ್ರಮೋಷನ್ನೂ ಬಂದಿಲ್ಲ. ಮಧ್ಯಾಹ್ನವಾದರೆ ಊಟದ ಡಬ್ಬಿ ಹಿಡಿದು ಅವರೀಗ ಆ ಮರದ ಕೆಳಗೇ ಬಂದು ಕೂರುತ್ತಾರೆ.