ಲುರೀನ್ ಬರೆದ ನೀರಿನ ಸುದ್ದಿ

ಲುರೀನ್ ಟ್ಯಾಕೆಟ್ ಬರೆದ ಕಾದಂಬರಿ ನ್ಯೂಯಾರ್ಕಿನ ಪುಸ್ತಕದಂಗಡಿಗಳ ಕಿಟಕಿಗೆ ಬಂದ ವಾರ, ಅವಳು ನಮ್ಮೂರಿನ ಶಾಲಾ ಸಮಿತಿಯ ಸಭೆಯಲ್ಲಿ ಕೂತು ಬಸ್ಸಿನ ಟೈರುಗಳ ಬಗ್ಗೆ ನಡೆಯುತ್ತಿದ್ದ ಜಗಳವನ್ನು ಬರೆದುಕೊಳ್ಳುತ್ತಿದ್ದಳು. ನಾನು ಗ್ಲೆನ್ನಾ, ಅವಳ ಜೊತೆ ಒಂದೇ ಕೋಣೆಯಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ನಮ್ಮ ವಾರಪತ್ರಿಕೆಗೆ ಜಾಹೀರಾತು ತರುವುದು, ಪುಟ ಜೋಡಿಸುವುದು, ತೀರಿಕೊಂಡವರ ಮಾಸಿದ ಫೋಟೋ ಸರಿಪಡಿಸುವುದು ನನ್ನ ಪಾಲು. ಬರೆಯುವುದೆಲ್ಲ ಲುರೀನಳದು.

ಅವಳ ಅಪ್ಪ ಗಣಿಯಲ್ಲಿ ದುಡಿದವನು. ಓದಿನಲ್ಲಿ ಚುರುಕಾಗಿದ್ದ ಲುರೀನ್ ಕೆಂಟಕಿಯ ಈ ಬೆಟ್ಟಗಳನ್ನು ದಾಟಿ ಹೋಗಿ, ಲೂಯಿವಿಲ್‌ನ ದೊಡ್ಡ ಪತ್ರಿಕೆಯೊಂದರಲ್ಲಿ ಹೆಸರು ಮಾಡಿದ್ದಳು. ಕಲ್ಲಿದ್ದಲ ಧೂಳು ಅಪ್ಪನ ಎದೆ ಕಟ್ಟಿ, ಅವನಿಗೆ ಉಸಿರಾಡುವುದೇ ಕಷ್ಟವಾದಾಗ ರಜೆ ಹಾಕಿ ಬಂದಳು. ಅಪ್ಪ ಸತ್ತ ಮೇಲೂ ಹೋಗಲಿಲ್ಲ, ನಮ್ಮ ಪತ್ರಿಕೆಗೇ ಸೇರಿಕೊಂಡಳು. ಯಾಕೆ ಅಂತ ಕೇಳಿದರೆ, "ಗಂಟುಮೂಟೆ ಕಟ್ಟೋಕೆ ಸೋಮಾರಿತನ ಕಣೇ" ಅನ್ನುತ್ತಿದ್ದಳು. ಬೆಳಿಗ್ಗೆ ಎದ್ದವಳೇ ಅಡುಗೆಮನೆಯ ಮೇಜಿನ ಮುಂದೆ ಕೂತು ಕಥೆ ಬರೆಯುವಳು. ಆಮೇಲೆ ಮುಖ ಗಂಟಿಕ್ಕಿಕೊಂಡೇ ಆಫೀಸಿಗೆ ಬರುವಳು.

ಊರ ಹಿಂದಿನ ಸ್ಲೇಟ್ ಫೋರ್ಕ್ ಕಣಿವೆಯಲ್ಲಿ ಮುಚ್ಚಿಹೋದ ಹಳೆಯ ಗಣಿಯೊಂದಿದೆ. ಒಂದು ಚಳಿಗಾಲ ಅದರೊಳಗಿನ ನೀರು ಸೋರಿ ಬಂದು, ಅಲ್ಲಿಯ ಬಾವಿಗಳ ನೀರು ಕಿತ್ತಳೆ ಬಣ್ಣಕ್ಕೆ ತಿರುಗಿತು. ಬಿಳಿ ಬಟ್ಟೆ ಒಗೆದರೆ ತುಕ್ಕಿನ ಕಲೆ. ಸ್ನಾನ ಮಾಡಿದ ಮಕ್ಕಳಿಗೆ ಮೈತುಂಬ ಗಂಧೆ. ಲುರೀನ್ ಮನೆಮನೆ ತಿರುಗಿದಳು. ಎಲ್ಲರೂ ಮಾತಾಡಿದರು, ಹೆಸರು ಹಾಕಬೇಡ ಅಂದರು. ಅದೇ ಕಂಪನಿಯ ಬೇರೆ ಗಣಿಗಳಲ್ಲಿ ದುಡಿಯುವ ಅಣ್ಣನೋ ಮಗನೋ ಇಲ್ಲದ ಮನೆ ಅಲ್ಲಿರಲಿಲ್ಲ. ಅವಳು ಹೆಸರಿಲ್ಲದೆಯೇ ಬರೆದಳು, ನಾನು ಪುಟ ಜೋಡಿಸಿದೆ. ಪತ್ರಿಕೆಯ ಮಾಲೀಕ ಬರ್ಲ್ ಕ್ಯಾಂಟ್ರೆಲ್ ಕನ್ನಡಕ ಹಣೆಗೇರಿಸಿ ನಿಂತುಕೊಂಡೇ ಓದಿದ.

"ಇದನ್ನ ಹಾಕೋಕಾಗಲ್ಲ ಲುರೀನ್."

"ಯಾಕೆ? ಒಂದು ಮಾತು ತಪ್ಪಿದ್ರೆ ತೋರ್ಸಿ ನೋಡೋಣ."

"ತಪ್ಪಿದ್ದಿದ್ರೆ ಚೆನ್ನಾಗಿತ್ತು, ತಿದ್ದಿ ಹಾಕ್ತಿದ್ದೆ. ಎಲ್ಲಾ ಸರಿಯಾಗಿರೋದೇ ತೊಂದ್ರೆ."

ಆ ಪುಟದಲ್ಲಿ ಚರ್ಚಿನ ಹೆಂಗಸರು ಮಾಡಿದ ಸೇಬಿನ ಕಡುಬಿನ ಸುದ್ದಿ ಬಂತು.

ಪತ್ರಿಕೆಯಲ್ಲಿ ಆಗದ್ದನ್ನು ಲುರೀನ್ ಕಾದಂಬರಿ ಮಾಡಿದಳು. ಊರಿನ ಹೆಸರು ಬದಲಿಸಿದಳು, ಜನರನ್ನು ಬದಲಿಸಿದಳು, ನೀರಿನ ಬಣ್ಣ ಮಾತ್ರ ಹಾಗೇ ಬಿಟ್ಟಳು. ನ್ಯೂಯಾರ್ಕಿನ ಪ್ರಕಾಶಕರು ಒಪ್ಪಿದರು. ಸಂಪಾದಕಿ ಫೋನು ಮಾಡಿದಾಗ ನಾನು ಎದುರಿಗೇ ಇದ್ದೆ. ಆ ಹೆಂಗಸಿನ ದನಿ ಮೇಜಿನಾಚೆಗೂ ಕೇಳುತ್ತಿತ್ತು.

"ಕಥೆಯ ತಾಯಿಗೆ ನೋವಿನ ಮಾತ್ರೆ ನುಂಗೋ ಚಟ ಹಚ್ಚೋಕಾಗತ್ತಾ? ನಿಮ್ಮ ಬೆಟ್ಟದ ಕಡೆಯ ಕಥೆ ಅಂದ್ರೆ ಓದೋರು ಅದನ್ನ ಎದುರುನೋಡ್ತಾರೆ."

"ಅವಳು ಚರ್ಚಲ್ಲಿ ಪಿಯಾನೋ ನುಡಿಸೋಳು."

"ಎರಡೂ ಮಾಡ್ಲಿ ಬಿಡಿ!"

ಲುರೀನ್ ತಿಂಗಳುಗಟ್ಟಲೆ ಹಟ ಹಿಡಿದಳು. ಕೊನೆಗೆ ತಾಯಿಯನ್ನು ಉಳಿಸಿಕೊಂಡು, ಪಕ್ಕದ ಮನೆಯ ಗಂಡಸೊಬ್ಬನಿಗೆ ಆ ಚಟ ಅಂಟಿಸಿದಳು. ಗಣಿಯಲ್ಲಿ ಪೆಟ್ಟು ತಿಂದವನು, ನೋವಿಗೆ ಮಾತ್ರೆ ನುಂಗುತ್ತ ನುಂಗುತ್ತ ಕಳ್ಳತನಕ್ಕಿಳಿಯುವವನು. ಅವನು ನಡೆಯುವಾಗ ಎಡಗಾಲು ಎಳೆಯುತ್ತಾನೆ ಅಂತ ಒಂದು ಸಾಲು ಬರೆದಳು.

ಪುಸ್ತಕಕ್ಕೆ ಒಳ್ಳೆಯ ಹೆಸರು ಬಂತು. ಲೆಕ್ಸಿಂಗ್ಟನ್ನಿನ ಸಭೆಯೊಂದರಲ್ಲಿ ಮುತ್ತಿನ ಸರ ಹಾಕಿದ ಹೆಂಗಸೊಬ್ಬಳು ಎದ್ದು, "ನಿಮ್ಮ ಕಡೆ ಜನ ನಿಜವಾಗ್ಲೂ ಪುಸ್ತಕ ಓದ್ತಾರಾ?" ಅಂತ ಕೇಳಿದಳಂತೆ. ಓದುತ್ತಿದ್ದರು, ಅದೇ ಕಷ್ಟವಾಗಿತ್ತು. ಸ್ಲೇಟ್ ಫೋರ್ಕಿನ ವಾಂಡಾ ಮಲಿನ್ಸ್, ಲುರೀನಳ ಶಾಲೆಯ ಗೆಳತಿ, ದಿನಸಿ ಅಂಗಡಿಯಲ್ಲಿ ಹಿಟ್ಟಿನ ಚೀಲಗಳ ಸಾಲಿನ ನಡುವೆ ಅವಳನ್ನು ಅಡ್ಡಹಾಕಿದಳು.

"ನನ್ನ ಗಂಡನ್ನ ಕಳ್ಳ ಮಾಡಿದ್ಯಲ್ಲೇ."

"ಅವನು ಡ್ವೈಟ್ ಅಲ್ಲ ಕಣೇ ವಾಂಡಾ. ಅವನು ಯಾರೂ ಅಲ್ಲ. ನಾನೇ ಕಟ್ಟಿದ್ದು."

"ಕಟ್ಟಿದ್ಯಾ? ಹಾಗಾದ್ರೆ ಆ ಕಾಲು ಎಲ್ಲಿಂದ ತಂದೆ?"

ಆ ಎಳೆಯುವ ಕಾಲು ಡ್ವೈಟನದೇ. ಆದರೆ ಅವನು ಒಂದು ಮೊಳೆಯನ್ನೂ ಕದ್ದವನಲ್ಲ. ವಾಂಡಾ ಹಿಟ್ಟಿನ ಚೀಲವನ್ನು ತಳ್ಳುಗಾಡಿಗೆ ಎಸೆದು ಹೊರಟುಹೋದಳು. ಆಮೇಲೆ ರಸ್ತೆಯಲ್ಲಿ ಸಿಕ್ಕರೂ ಮುಖ ತಿರುಗಿಸುತ್ತಿದ್ದಳು.

ಎರಡನೆಯ ಕಾದಂಬರಿ ಮುಗಿಯುವ ಹೊತ್ತಿಗೆ ಆ ಸಂಪಾದಕಿ ಕೆಲಸ ಬಿಟ್ಟಿದ್ದಳು. ಅವಳ ಜಾಗಕ್ಕೆ ಬಂದ ಹುಡುಗ, ಇದರಲ್ಲಿ ಏನೂ ನಡೆಯುವುದಿಲ್ಲ ಅಂತ ಹಿಂದಕ್ಕೆ ಕಳಿಸಿದ. "ನಡೆಯಲ್ವಂತೆ! ಇಬ್ಬರು ಸಾಯ್ತಾರೆ, ಒಬ್ಬಳು ಹಡೀತಾಳೆ, ಇನ್ನೇನು ನಡೀಬೇಕಂತೆ ಅವನಿಗೆ?" ಅಂತ ಲುರೀನ್ ಕಸದ ಬುಟ್ಟಿಗೆ ಒದ್ದಳು. ನಾನು ಚೆಲ್ಲಿದ್ದನ್ನು ಆಯ್ದು ಹಾಕಿದೆ.

ಅಷ್ಟರಲ್ಲಿ ಬರ್ಲ್‌ಗೆ ಪಾರ್ಶ್ವವಾಯು ಹೊಡೆಯಿತು. ಅವನ ಮಕ್ಕಳು ಪತ್ರಿಕೆಯನ್ನು ದೂರದ ಕಂಪನಿಯೊಂದಕ್ಕೆ ಮಾರಿದರು. ಹೊಸಬರು ನಾವು ಏನು ಹಾಕುತ್ತೇವೆ ಅಂತ ನೋಡುತ್ತಲೇ ಇರಲಿಲ್ಲ. ಲುರೀನ್ ಕಣಿವೆಯಲ್ಲಿ ಮತ್ತೆ ವಿಚಾರಿಸಿಕೊಂಡು ಬಂದು, ಹಳೆಯ ನೀರಿನ ಸುದ್ದಿಯನ್ನು ಹೊಸದಾಗಿ ಬರೆದಳು. ಈ ಸಲವೂ ಹೆಸರು ಕೊಡಲು ಯಾರೂ ಒಪ್ಪಲಿಲ್ಲ. ಆದರೂ ಮೊದಲ ಪುಟದಲ್ಲೇ ಬಂತು. ಜನ ಗಲಾಟೆ ಎಬ್ಬಿಸಿದರು, ನೀರಿನ ಮಂಡಳಿ ಸಭೆ ಕರೆಯಿತು.

ಹೈಸ್ಕೂಲಿನ ವ್ಯಾಯಾಮದ ಹಾಲ್ ಜನರಿಂದ ತುಂಬಿತ್ತು. ಮಂಡಳಿಯ ಅಧ್ಯಕ್ಷ ಎಮರಿ ರ್ಯಾಟ್ಲಿಫ್ ಚೀಲದಿಂದ ಹೊರಗೆ ತೆಗೆದದ್ದು ಪತ್ರಿಕೆಯನ್ನಲ್ಲ, ಲುರೀನಳ ಕಾದಂಬರಿಯನ್ನು.

"ಮಿಸ್ ಟ್ಯಾಕೆಟ್, ನಿಮ್ಮ ಪುಸ್ತಕ ಓದಿ ನಮ್ಮನೆಯವಳು ಅತ್ತುಬಿಟ್ಲು. ಕಥೆ ಚೆನ್ನಾಗಿ ಕಟ್ತೀರಿ."

ಕೆಲವರು ನಕ್ಕರು.

"ಇದರಲ್ಲಿ ನಲ್ಲಿ ತಿರುಗಿಸಿದ್ರೆ ಕಿತ್ತಳೆ ನೀರು ಬರತ್ತೆ. ಈಗ ನಿಮ್ಮ ಪತ್ರಿಕೆಲೂ ಬರ್ತಿದೆ. ಅದೇ ಬಕೆಟ್ಟಿಂದ ತುಂಬಿಕೊಂಡ್ರಾ ಹೇಗೆ?"

"ಸುದ್ದಿ ಮೊದಲು ಬರೆದದ್ದು. ಪುಸ್ತಕ ಆಮೇಲೆ," ಅಂದಳು ಲುರೀನ್.

"ಹೌದಾ? ಆಗ ನಮ್ಮ ಕಣ್ಣಿಗೆ ಬೀಳ್ಲಿಲ್ವಲ್ಲ!"

ಈಗ ಸಭೆಯೆಲ್ಲ ನಕ್ಕಿತು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಆ ಪುಟ ಜೋಡಿಸಿದ್ದು ನಾನು ರೀ, ಪುಸ್ತಕಕ್ಕಿಂತ ಎಷ್ಟೋ ಮುಂಚೆ!" ಅಂದೆ.

"ಕೂತ್ಕೋ ಗ್ಲೆನ್ನಾ. ನಿನ್ನ ಸರದಿ ಬಂದಾಗ ಹೇಳುವಂತೆ."

ನನ್ನ ಸರದಿ ಬರಲೇ ಇಲ್ಲ. ಹೊರಗೆ ಬಂದ ಮೇಲೆ ಲುರೀನ್ ಕಾರಿನ ಬಾಗಿಲನ್ನು ಎಷ್ಟು ಜೋರಾಗಿ ಹಾಕಿದಳೆಂದರೆ ಪಕ್ಕದ ಕನ್ನಡಿ ಉದುರಿಬಿತ್ತು. "ನಿಜ ಬರೆದ್ರೆ ಕಥೆ ಅಂತಾರೆ, ಕಥೆ ಬರೆದ್ರೆ ನನ್ನ ಗಂಡ ಅಂತಾರೆ. ನಾನು ಹಾಳಾಗಿ ಹೋಗ್ಲಾ?" ಅಂತ ಕಿರುಚಿದಳು. ನಾನು ಕನ್ನಡಿ ಎತ್ತಿ ಸೀಟಿನ ಮೇಲಿಟ್ಟೆ.

ಆ ವಾರವೇ ವಾಂಡಾ ಆಫೀಸಿಗೆ ಬಂದಳು. ಕೋಟು ಬಿಚ್ಚಲಿಲ್ಲ, ಕೂರಲಿಲ್ಲ.

"ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಅದನ್ನ ಮೊದಲು ಹೇಳ್ಬಿಡ್ತೀನಿ."

"ಇಳೀಬೇಕು ಅಂತ ನಾನು ಕೇಳಲ್ಲ," ಅಂದಳು ಲುರೀನ್. "ಆ ಕಾಲಿನ ಸಾಲು ನಾನು ಬರೀಬಾರದಿತ್ತು."

"ಬರೀಬಾರದಿತ್ತು. ಆದ್ರೆ ನೀರಿನ ವಿಷಯ ಸುಳ್ಳಲ್ಲ. ಹೆಸರಿಲ್ಲದ್ದಕ್ಕೇ ಎಮರಿ ಹಾಗೆ ಆಡ್ಕೊಂಡಿದ್ದು. ನನ್ನ ಹೆಸರು ಹಾಕು. ಡ್ವೈಟ್ ಹೆಸರೂ ಹಾಕು, ಅವನೇ ಹೇಳಿ ಕಳಿಸಿದ್ದಾನೆ."

ಲುರೀನ್ ಕುರ್ಚಿ ಎಳೆದು ಕೊಟ್ಟಳು. ವಾಂಡಾ ಕೋಟು ಹಾಕಿಕೊಂಡೇ ಕೂತಳು. ಮುಂದಿನ ಸಂಚಿಕೆಯಲ್ಲಿ ಅವಳ ಫೋಟೋ ಹಾಕಿದೆವು, ಕಲೆಯಾದ ಸ್ನಾನದ ತೊಟ್ಟಿಯ ಪಕ್ಕ, ತುಟಿ ಬಿಗಿದು ನಿಂತವಳು. ಅದನ್ನು ನೋಡಿ ಇನ್ನೂ ಕೆಲವು ಮನೆಯವರು ಹೆಸರು ಕೊಟ್ಟರು. ರಾಜ್ಯ ಸರ್ಕಾರದವರು ಬಂದು ನೀರು ಪರೀಕ್ಷಿಸಿದರು, ಊರಿನ ನೀರಿನ ಕೊಳವೆಯನ್ನು ಕಣಿವೆಯೊಳಕ್ಕೆ ಎಳೆದರು. ವಾಂಡಾಳ ಮನೆ ದಾಟಿ ಚರ್ಚಿನವರೆಗೆ ಬಂದು ಕೆಲಸ ನಿಂತಿತು. ಅಲ್ಲಿಂದ ಮೇಲಕ್ಕೆ ಅಗೆಯೋಕೆ ಬಂಡೆ ಅಡ್ಡ ಇದೆಯಂತೆ, ಮುಂದಿನ ವರ್ಷ ನೋಡೋಣವಂತೆ.

ಆ ಮುಂದಿನ ವರ್ಷ ಕಂಪನಿಯವರು ನಮ್ಮ ಪತ್ರಿಕೆಯನ್ನೇ ಮುಚ್ಚಿದರು. ಲುರೀನ್ ಈಗ ಪಕ್ಕದ ಊರಿನ ಕಾಲೇಜಿನಲ್ಲಿ ಮಕ್ಕಳಿಗೆ ಪ್ರಬಂಧ ಬರೆಯಲು ಕಲಿಸುತ್ತಾಳೆ. ಈಚೆಗೆ ಬೇರೊಬ್ಬ ಪ್ರಕಾಶಕ ಫೋನು ಮಾಡಿದ್ದ. ಆ ನೀರಿನ ಕಾದಂಬರಿಯನ್ನೇ ನಿಮ್ಮ ಸ್ವಂತ ಜೀವನ ಅಂತ ತಿರುಗಿಸಿ ಬರೆದುಕೊಡಿ, ಚೆನ್ನಾಗಿ ಖರ್ಚಾಗುತ್ತದೆ ಅಂದನಂತೆ. ಲುರೀನ್ ಅವನಿಗೆ ಹೇಳಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಶನಿವಾರ ಬೀನ್ಸ್ ಬೇಯಿಸಿಕೊಂಡು ಅವಳ ಮನೆಗೆ ಹೋಗಿದ್ದೆ. ಮೇಜಿನ ತುಂಬ ಹಾಳೆ ಹರಡಿತ್ತು, ತಟ್ಟೆ ಇಡಲು ಜಾಗವಿರಲಿಲ್ಲ. ಚರ್ಚಿನಿಂದ ಮೇಲಕ್ಕೆ, ಕೊಳವೆ ಮುಟ್ಟದ ಮನೆಗಳವರು ಇನ್ನೂ ಕ್ಯಾನುಗಳಲ್ಲೇ ನೀರು ಹೊರುತ್ತಿದ್ದಾರೆ, ಅವರ ಬಗ್ಗೆ ಬರೆಯುತ್ತಿದ್ದಳು.

"ಯಾವ ಪತ್ರಿಕೆಗೆ?" ಅಂದೆ.

"ಗೊತ್ತಿಲ್ಲ ಕಣೇ. ಪಾತ್ರೆ ಒಲೆ ಮೇಲಿಡು, ಈ ಪ್ಯಾರಾ ಮುಗಿಸ್ತೀನಿ," ಅಂದಳು, ತಲೆ ಎತ್ತದೆ.