ನೀರಿನ ಟಾಕಿ ಕಾಯುವ ಹುಡುಗಿ

ನಮ್ಮ ಮನೆಯ ಹುಡುಗಿ ಹಾಲಿವುಡ್ಡಿನಲ್ಲಿ ಕನ್ನಡ ಮಾತಾಡಿದ್ದಾಳೆ! ಇದನ್ನು ಮೊದಲು ಹೇಳಿಬಿಡುತ್ತೇನೆ, ಮಿಕ್ಕಿದ್ದೆಲ್ಲ ಆಮೇಲೆ. ನಿನ್ನೆ ಕೊಂಡಾಪುರದ ಮಾಲಿನಲ್ಲಿ, ಮನೆಯಷ್ಟು ಎತ್ತರದ ಪರದೆಯ ಮೇಲೆ, ಬಂಗಾರದ ಕೂದಲಿನ ಬಿಳಿ ಹೆಣ್ಣುಮಗಳೊಬ್ಬಳು ಬಾಯಿ ತೆರೆದಳು. ಬಂದದ್ದು ನನ್ನ ಮೊಮ್ಮಗಳ ದನಿ. ನಾನು ತುತ್ತು ಮಾಡಿ ಉಣ್ಣಿಸಿದ ಬಾಯಿಯ ದನಿ. ತಡೆಯಲಾಗದೆ ಪಕ್ಕದಲ್ಲಿ ಕೂತಿದ್ದ ಬೆಂಗಳೂರಿನ ಹುಡುಗರಿಗೆ "ಆಕಿ ನನ್ನ ಮೊಮ್ಮಗಳು" ಎಂದೆ. ಅವರು ಪರದೆಯ ಮೇಲಿನ ಬಿಳಿ ಹೆಂಗಸನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಹೌದಾ ಅಜ್ಜಿ?" ಎಂದು ಮತ್ತೆ ಪರದೆಯ ಕಡೆ ತಿರುಗಿದರು. ಪಾಪ, ಅವರಿಗೇನು ಗೊತ್ತು!

ಆದರೆ ಈ ಸಿನಿಮಾ ನೋಡಲು ನಾನು ಹೋಗುವುದೇ ಇಲ್ಲ ಎಂದು ಹಟ ಹಿಡಿದು ಕೂತಿದ್ದೆ. ಅದು ಯಾಕೆ ಎಂದು ಹೇಳಬೇಕಾದರೆ ಒಂದು ಮಳೆಯ ದಿನದಿಂದ ಹೇಳಬೇಕು.

ನಾವು ಯಾದಗಿರಿ ಕಡೆಯವರು. ಮದುವೆಯಾದ ಹೊಸತರಲ್ಲಿ ರಾಯಚೂರಿಗೆ ಬಂದು, ರೈಲು ಹಿಡಿದು, ತೆಲುಗರ ಈ ದೊಡ್ಡ ಊರಿನ ಕಾಚಿಗೂಡ ಸ್ಟೇಷನ್ನಿನಲ್ಲಿ ಇಳಿದವರು. ಯಜಮಾನರು ಗೌಂಡಿ. ಅವರು ಗೋಡೆ ಕಟ್ಟುವುದು, ನಾನು ಇಟ್ಟಂಗಿ ಹೊತ್ತು ಕೊಡುವುದು. ಈ ಊರಿನ ಎಷ್ಟೋ ಮನೆಗಳ ಗೋಡೆಯೊಳಗೆ ನಮ್ಮಿಬ್ಬರ ಕೈ ಇದೆ. ಒಂದು ದಿನ ಮಳೆ ಹಿಡಿದು ಕೆಲಸ ನಿಂತಿತು. ಸ್ಟೇಷನ್ನಿನ ಆಚೆಗಿದ್ದ ಒಂದು ಥೇಟರಿನಲ್ಲಿ ಬೆಳಗಿನ ಆಟಕ್ಕೆ ಇಂಗ್ಲಿಷ್ ಸಿನಿಮಾ ಹಾಕುತ್ತಿದ್ದರು.

"ನಡಿ, ಹೋಗೂಣು" ಎಂದರು.

"ನಮಗ ಇಂಗ್ಲಿಷ್ ಎಲ್ಲಿ ತಿಳೀತೈತ್ರಿ?"

"ನಾ ಹೇಳ್ತೀನಿ ಬಾ. ಮಂದೀ ಮಕಾ ನೋಡಿದ್ರ ಎಲ್ಲಾ ತಿಳೀತೈತಿ."

ಅವರಿಗೂ ಇಂಗ್ಲಿಷ್ ನನ್ನಷ್ಟೇ ಬರುತ್ತಿತ್ತು. ಆದರೆ ಒಳಗೆ ಹೋಗಿ ಕೂತು ದೀಪ ಆರಿದ ಮೇಲೆ ಅವರ ಧೈರ್ಯ ನೋಡಬೇಕಿತ್ತು. ನೆನೆದ ಸೀರೆಯಿಂದ ಆವಿ ಏಳುತ್ತಿತ್ತು. ಹಿಂದಿನ ಗೋಡೆಯ ಕಿಂಡಿಯಿಂದ ಬೆಳಕಿನ ಒಂದು ಜಡೆ ನಮ್ಮ ತಲೆಯ ಮೇಲೆ ಹಾದು ಹೋಗುತ್ತಿತ್ತು, ಅದರೊಳಗೆ ಬೀಡಿಯ ಹೊಗೆ ನಿಧಾನವಾಗಿ ಈಜುತ್ತಿತ್ತು. ಪರದೆಯ ಮೇಲೆ ಎಲ್ಲಿ ನೋಡಿದರೂ ನೀರು. ನಡುವೆ ಗುಂಡಗಿನ ಎತ್ತರದ ಒಂದು ಕಟ್ಟಡ. ಅದರ ತುದಿಯಲ್ಲಿ ದೀಪ. ಒಬ್ಬಳೇ ಒಬ್ಬ ಹುಡುಗಿ ಮೆಟ್ಟಿಲು ಹತ್ತಿ ಹೋಗಿ ಅದನ್ನು ಹಚ್ಚುತ್ತಿದ್ದಳು.

ಯಜಮಾನರು ನನ್ನ ಕಿವಿಗೆ ಬಾಯಿ ಹಚ್ಚಿದರು. "ನೋಡು, ಗುಂಡಗ ಎಷ್ಟ ಚಂದ ಎಬ್ಬಿಸ್ಯಾರ. ನೀರಿನ ಟಾಕಿ ಅದು. ಆಕಿ ಟಾಕಿ ಕಾಯೂ ಹುಡುಗಿ."

"ಮ್ಯಾಲ ದೀಪ ಯಾಕ್ರಿ?"

"ಕತ್ತಲಾಗ ಕೊಡಾ ತಗೊಂಡ ಬರೋರಿಗೆ ದಾರಿ ಕಾಣಬೇಕಲ್ಲ?"

"ಸುತ್ತಾ ನೀರ ಐತಲ್ರಿ. ಮತ್ತ ಟಾಕಿ ಯಾಕ ಕಟ್ಯಾರ?"

ಅವರು ಒಂದು ಗಳಿಗೆ ಯೋಚಿಸಿದರು. "ಅದು ಸವುಳು ನೀರು. ಕುಡ್ಯಾಕ ಬರಂಗಿಲ್ಲ. ಸೀ ನೀರು ಆಕಿ ಹಂತ್ಯಾಕ ಮಾತ್ರ ಐತಿ."

ನಾವಿಬ್ಬರೂ ಸಮುದ್ರ ಕಂಡವರಲ್ಲ. ನಾವು ಕಂಡ ದೊಡ್ಡ ನೀರೆಂದರೆ ಟ್ಯಾಂಕ್‌ಬಂಡಿನ ಕೆರೆ. ಎತ್ತರದ ಗುಂಡಗಿನ ಕಟ್ಟಡವೆಂದರೆ ಓಣಿಯ ನೀರಿನ ಟಾಕಿ. ಬೇರೇನು ಹೇಳಿಯಾರು? ಹೀಗೆ ಆಟ ಮುಗಿಯುವ ತನಕ ಅವರು ನನ್ನ ಕಿವಿಯಲ್ಲಿ ಕತೆ ಕಟ್ಟಿದರು, ಗೋಡೆ ಕಟ್ಟಿದ ಹಾಗೆ, ಒಂದರ ಮೇಲೆ ಒಂದು. ಟೋಪಿ ಹಾಕಿದ ಒಬ್ಬ ಗಂಡಸು ಹಡಗಿನಿಂದ ಇಳಿದು ಬಂದ. ನೀರಡಿಸಿ ಬಂದಾನ, ಎಂದರು. ಅವಳ ಕೈ ಹಿಡಿದ. ಯಜಮಾನರು ತಾವೂ ನನ್ನ ಕೈ ಹಿಡಿದರು. ಕಡೆಗೆ ಆ ಗಂಡಸು ಮತ್ತೆ ಹಡಗು ಹತ್ತಿದ. ಹುಡುಗಿ ದಂಡೆಯಲ್ಲಿ ನಿಂತು ಅತ್ತಳು. ನಾನು ಯಜಮಾನರ ತೋಳು ಜಗ್ಗಿದೆ.

"ಯಾಕ ಅಳಾಕತ್ತಾಳ್ರಿ?"

"ಹುಚ್ಚಿ! ಅಂವಾ ಊರಿಗೆ ಸೀ ನೀರು ಹಂಚಾಕ ಹೊಂಟಾನ. ಸಂಜಿ ಊಟಕ್ಕ ಬರ್ತಾನ ಬಿಡು."

ಹೊರಗೆ ಬಂದಾಗ ಮಳೆ ನಿಂತಿತ್ತು. ಆಮೇಲೆ ಮಗ ಹುಟ್ಟಿದ, ನಾನು ಮನೆಯಲ್ಲಿ ಉಳಿದೆ, ಅವರು ಒಬ್ಬರೇ ಕೆಲಸಕ್ಕೆ ಹೊರಡತೊಡಗಿದರು. ಬಾಗಿಲಲ್ಲಿ ನಿಂತು ನಗುತ್ತ ದಿನವೂ ಅದೇ ಮಾತು: "ಸಂಜಿ ಊಟಕ್ಕ ಬರ್ತೀನಿ ಬಿಡು." ಬರುತ್ತಿದ್ದರು ಕೂಡ. ಈಗ ಅವರಿಲ್ಲ. ಆದರೆ ಕಿವಿಯಲ್ಲಿ ಆ ಪಿಸುಮಾತು ಇದೆ. ಮಧ್ಯಾಹ್ನ ಒಂದಿಷ್ಟು ಕಣ್ಣು ಹತ್ತಿದರೆ ಸಾಕು, ಥೇಟರಿನ ಕತ್ತಲು ಬರುತ್ತದೆ, ನೆನೆದ ಸೀರೆಯ ವಾಸನೆ ಬರುತ್ತದೆ, ಟಾಕಿ ಕಾಯುವ ಹುಡುಗಿ ಮೆಟ್ಟಿಲು ಹತ್ತುತ್ತಾಳೆ.

ಮೊಮ್ಮಗಳಿಗೆ ಉಣ್ಣಿಸುವಾಗ ಹೇಳಿದ್ದು ಇದೇ ಕತೆ. ತುತ್ತಿಗೊಂದು ಮೆಟ್ಟಿಲು. ಮೇಲೆ ಮುಟ್ಟಿ ದೀಪ ಹಚ್ಚುವಷ್ಟರಲ್ಲಿ ತಟ್ಟೆ ಖಾಲಿ. ಅವಳು ಹುಟ್ಟಿದ್ದು ಇಲ್ಲೇ. ಅವಳ ತಾಯಿ, ಅಂದರೆ ನನ್ನ ಸೊಸೆ, ತೆಲುಗಿನವಳು. ಹುಡುಗಿಗೆ ಶಾಲೆಯಲ್ಲಿ ತೆಲುಗು, ಬೀದಿಯಲ್ಲಿ ಹಿಂದಿ. ಕನ್ನಡ ಅವಳಿಗೆ ಸಿಕ್ಕಿದ್ದು ನನ್ನ ಕೈತುತ್ತಿನ ಜೊತೆಗೆ. ಆ ಕನ್ನಡವೇ ಅವಳಿಗೆ ಕೆಲಸ ಕೊಟ್ಟಿತು. ಕೊಂಡಾಪುರದ ಒಂದು ಸ್ಟುಡಿಯೊದಲ್ಲಿ ಬೇರೆ ಭಾಷೆಯ ಸಿನಿಮಾಗಳಿಗೆ ಕನ್ನಡದ ದನಿ ಕೊಡುತ್ತಾಳೆ. ಇಷ್ಟು ದಿನ ಗುಂಪಿನಲ್ಲಿ ಕಿರುಚುವ ಹೆಂಗಸು, ಅಂಗಡಿಯವಳು, ನರ್ಸು, ಹೀಗೆ.

ಆ ಕೆಲಸದ ಗುಟ್ಟನ್ನು ಒಮ್ಮೆ ಅಡುಗೆಮನೆಯಲ್ಲಿ ನನಗೆ ಆಡಿ ತೋರಿಸಿದ್ದಳು. "ಆಯೀ, ಅವರ ತುಟಿ ಹೆಂಗ ಅಲಗ್ತಾವೋ ಹಂಗ ನಮ್ಮ ಮಾತು ಕೂಡಿಸಬೇಕು. ಭಾಳ ತ್ರಾಸು. ಆದ್ರ ಅವರು ಬೆನ್ನು ತಿರುಗಿಸಿದ್ರಂದ್ರ ಬಾಯಿ ಕಾಣಂಗಿಲ್ಲ. ಆಗ ನಾವೇ ರಾಜರು." ಅವಳ ತಾಯಿ ಆ ಕಡೆ ಮುಖ ಮಾಡಿ ಪಾತ್ರೆ ತೊಳೆಯುತ್ತಿದ್ದಳು. ಹುಡುಗಿ ತಾಯಿಯದೇ ದನಿ ತೆಗೆದು, "ಇವತ್ತಿಂದ ಅಡಿಗಿ ನನ್ನ ಗಂಡನೇ ಮಾಡ್ತಾನ!" ಎಂದಳು. ಹೊರಗೆ ಕೂತಿದ್ದ ನನ್ನ ಮಗ ಗಾಬರಿಯಾಗಿ, "ಏನಂದಿ?" ಎಂದು ಎದ್ದು ಬಂದ. ಸೊಸೆ ನೊರೆ ಕೈಯಲ್ಲೇ ಮಗಳ ಬೆನ್ನಿಗೊಂದು ಕೊಟ್ಟಳು.

ಇದಾದ ಸ್ವಲ್ಪ ದಿನಕ್ಕೆ ಒಂದು ಸಂಜೆ ಓಡಿ ಬಂದು ನನ್ನ ಹಿಟ್ಟಿನ ಕೈ ಹಿಡಿದಳು. "ಆಯೀ, ನಿನ್ನ ಟಾಕಿ ಹುಡುಗಿ ಸಿಕ್ಕಾಳ! ಹಾಲಿವುಡ್ಡಿನೋರು ಆ ಹಳೇ ಸಿನಿಮಾನ ಮತ್ತ ಹೊಸದಾಗಿ ತೆಗದಾರ. ಆಕಿ ಕನ್ನಡ ನಂದು!"

ಕುಣಿಯಬೇಕು ಎನ್ನಿಸಿತು. ಹುಡುಗಿಯ ಮುಖ ಮಾತ್ರ ಸ್ವಲ್ಪ ಸಣ್ಣಗಾಯಿತು. "ಆದ್ರ ಆಯೀ, ಅದು ನೀರಿನ ಟಾಕಿ ಅಲ್ಲ. ಸಮುದ್ರದಾಗ ಹಡಗಿಗೆ ದಾರಿ ತೋರಸೂ ದೀಪದ ಗೋಪುರ."

"ಇರಲಿ ಬಿಡು. ಮತ್ತ ಅಂವಾ? ಹಡಗಿನಾಂವ?"

"ಅಂವಾ ಬರಂಗಿಲ್ಲ ಆಯೀ. ಹಳೇದ್ರಾಗೂ ಬರಂಗಿಲ್ಲಂತ, ಹೊಸಾದ್ರಾಗೂ ಬರಂಗಿಲ್ಲ."

ತಟ್ಟುತ್ತಿದ್ದ ರೊಟ್ಟಿ ಕೈಯಲ್ಲೇ ಹರಿಯಿತು. ಹೆದರಿಕೆ ಬಂತು, ನಿಜ ಹೇಳುತ್ತೇನೆ. ಬಣ್ಣದ ಆ ದೊಡ್ಡ ಚಿತ್ರ ಕಣ್ಣಿಗೆ ಬಿದ್ದರೆ, ನಿಜವಾದ ಕತೆ ಕಿವಿಗೆ ಬಿದ್ದರೆ, ಯಜಮಾನರ ಪಿಸುಮಾತು ಅಳಿಸಿಹೋದರೆ? ಅವರ ಫೋಟೊ ಗೋಡೆಯ ಮೇಲಿದೆ. ದನಿ ಇರುವುದು ಆ ಪಿಸುಮಾತಿನಲ್ಲಿ ಮಾತ್ರ. "ನಿನ್ನ ದನಿಗೆ ನೂರು ಸಲ ದೃಷ್ಟಿ ತೆಗೀತೀನಿ, ಆದ್ರ ನಾ ನೋಡಾಕ ಬರಂಗಿಲ್ಲ" ಎಂದುಬಿಟ್ಟೆ.

ಹುಡುಗಿ ಮುಖ ತಿರುಗಿಸಿ ಕೂತಳು. ಆಟೋ ಓಡಿಸಿ ದಣಿದು ಬಂದ ಮಗ ನನ್ನ ಪಕ್ಷ ಹಿಡಿದ. "ಅವ್ವ ಅನ್ನೂದು ಖರೇ ಐತಿ. ಆ ಹಾಲಿವುಡ್ಡಿನೋರಿಗೆ ಹೊಸಾ ಕತಿ ತೀರ್ಯಾವ. ಅದಕ್ಕ ಹಳೇ ಹೆಣಾ ಎಬ್ಬಿಸಿ ಪೌಡರ್ ಹಚ್ಚತಾರ."

"ಅಪ್ಪಾ, ನೀ ಹಳೇ ಆಟೋಕ್ಕ ಹೊಸಾ ಸೀಟು, ಹೊಸಾ ಮ್ಯಾಲಿನ ಹೊದಿಕಿ ಹಾಕಿಸಿದೆಲ್ಲ, ಅದೇನು?"

"ಅದು ಹೊಟ್ಟಿಗೆ ಹಾಕ್ತೈತಿ!"

"ಇದು ನನ್ನ ಹೊಟ್ಟಿಗೆ ಹಾಕ್ತೈತಿ!"

ಅಂದು ಮಲಗಿ ಅದನ್ನೇ ಯೋಚಿಸಿದೆ. ಹಳೆಯ ಮನೆ ಕೆಡವಿ ಅದೇ ಇಟ್ಟಂಗಿಯಿಂದ ಹೊಸ ಮನೆ ಕಟ್ಟಿಸುವವರು ಇದ್ದರು. ಆಗ ನನ್ನ ಕೆಲಸ ಹಳೆಯ ಇಟ್ಟಂಗಿಗೆ ಅಂಟಿದ ಗಾರೆಯನ್ನು ಕೆತ್ತಿ ತೆಗೆಯುವುದು. ಕೆತ್ತದೆ ಕಟ್ಟಿದರೆ ಹೊಸ ಸಿಮೆಂಟು ಹಿಡಿಯುವುದಿಲ್ಲ. ಕೆತ್ತಿ ಕಟ್ಟಿದರೆ ಆ ಮನೆ ಹಳೆಯದೂ ಹೌದು, ಹೊಸದೂ ಹೌದು, ಒಳಗೆ ಬಾಳುವವರು ಬೇರೆ. ಇನ್ನು ಕೆಲವರಿಗೆ ಕೆತ್ತುವ ಬೇಸರ, ಬಿರುಕಿನ ಮೇಲೇ ಸುಣ್ಣ ಬಳಿಸಿಬಿಡುತ್ತಿದ್ದರು. ಅದು ಒಂದು ಮಳೆಗಾಲಕ್ಕೆ ಸಿಪ್ಪೆ ಏಳುತ್ತಿತ್ತು. ಸಿನಿಮಾ ಮತ್ತೆ ತೆಗೆಯುವುದೂ ಹೀಗೇ ಇರಬೇಕು. ಸುಣ್ಣ ಬಳಿದರೋ, ಕೆತ್ತಿ ಕಟ್ಟಿದರೋ, ನೋಡದೆ ಹೇಗೆ ಹೇಳುವುದು? ಆದರೆ ನನಗೆ ಕೆತ್ತುವುದರದೇ ಭಯವಿತ್ತು. ಕೆತ್ತಿದ ಗಾರೆಯ ಜೊತೆ ಯಜಮಾನರ ಪಿಸುಮಾತೂ ಹೋದರೆ?

ಬೆಳಿಗ್ಗೆ ಹುಡುಗಿ ತಾನೇ ಹತ್ತಿರ ಬಂದು ಕೂತಳು. "ಆಯೀ, ಬೇಕಂದ್ರ ಕಣ್ಣು ಮುಚ್ಚಿಕೊಂಡ ಕೂಡು. ಕಿವಿ ಮಾತ್ರ ತೆರಕೊಂಡಿರು. ಕಡೀತನಕ ಕೂಡು, ಅಷ್ಟ." ಅವಳ ಕಣ್ಣಲ್ಲಿ ಏನೋ ಇತ್ತು. ಆ ಕಣ್ಣಿಗೆ ಇಲ್ಲ ಎನ್ನಲು ನನಗೆ ಎಂದೂ ಆಗಿಲ್ಲ.

ಈ ಊರಿನಲ್ಲಿ ಕನ್ನಡದಲ್ಲಿ ಹಾಕಿದ್ದು ಒಂದೇ ಆಟ, ಮಧ್ಯಾಹ್ನದ್ದು. ಹುಡುಗಿಗೆ ಸ್ಟುಡಿಯೊದಲ್ಲಿ ಕೆಲಸವಿತ್ತು. ಮಗ ನನ್ನನ್ನೂ ಸೊಸೆಯನ್ನೂ ಆಟೋದಲ್ಲಿ ಇಳಿಸಿ, ತಾನೂ ಆಟೋ ನಿಲ್ಲಿಸಿ ಹಿಂದಿನಿಂದ ಬಂದು ಕೂತ. ಒಳಗೆ ಎಂಥ ಚಳಿ! ಸೆರಗು ತಲೆ ತುಂಬ ಹೊದ್ದುಕೊಂಡೆ. ಕತ್ತಲಾಯಿತು. ನೀರು ಬಂತು, ನೀಲಿ ನೀರು. ಆ ಮಳೆಯ ದಿನ ಪರದೆಯಲ್ಲಿ ನಾನು ನೋಡಿದ ನೀರಿಗೆ ಬಣ್ಣವಿರಲಿಲ್ಲ. ಗೋಪುರ ಬಂತು. ಮೆಟ್ಟಿಲು ಹತ್ತುತ್ತ ಬಿಳಿ ಹುಡುಗಿ ನನ್ನ ಮೊಮ್ಮಗಳ ದನಿಯಲ್ಲಿ ಏನೋ ಗುನುಗಿದಳು. ನನ್ನ ಎರಡೂ ಹುಡುಗಿಯರು ಒಂದೇ ಮೈಯೊಳಗೆ ಸೇರಿಕೊಂಡಿದ್ದರು. ಕಣ್ಣು ಮುಚ್ಚುವುದು ಮರೆತೇಹೋಯಿತು.

ಮನೆಯ ಕನ್ನಡ ಬಲ್ಲ ಸೊಸೆಗೆ ಸಿನಿಮಾದ ಆ ಬೆಂಗಳೂರಿನ ಕನ್ನಡ ಪೂರ್ತಿ ತಿಳಿಯಲಿಲ್ಲ. ನನ್ನ ಕಡೆ ವಾಲಿ, "ಏನಂದಳು ಅತ್ತಮ್ಮಾ? ಅದೇನು ಬಿಲ್ಡಿಂಗು?" ಎಂದಳು.

ನಾನು ಅವಳ ಕಿವಿಗೆ ಬಾಯಿ ಹಚ್ಚಿದೆ. "ನೋಡು, ಗುಂಡಗ ಎಷ್ಟ ಚಂದ ಎಬ್ಬಿಸ್ಯಾರ. ನೀರಿನ ಟಾಕಿ ಅದು."

ಮಾತು ನನ್ನದಲ್ಲ. ದನಿ ಕೂಡ ನನ್ನದೆನ್ನಿಸಲಿಲ್ಲ. ಯಜಮಾನರು ನನ್ನ ಬಾಯಿಯೊಳಗೆ ಬಂದು ಕೂತು ಮಾತಾಡುತ್ತಿದ್ದರು. ಸವುಳು ನೀರಿನ ಮಾತು, ಕೊಡ ಹೊತ್ತು ಬರುವವರ ಮಾತು, ನೀರಡಿಸಿ ಬಂದವನ ಮಾತು. ಎದುರಿಗೆ ಹೊಸ ಸಿನಿಮಾ ಓಡುತ್ತಿತ್ತು, ನಾನು ಹಳೆಯದನ್ನು ಹೇಳುತ್ತಿದ್ದೆ, ಒಂದಕ್ಕೊಂದು ತಾಗಲೇ ಇಲ್ಲ. ಸೊಸೆ ತನ್ನ ತೆಲುಗಿನಲ್ಲಿ "ಅವುನಾ? ಅವುನಾ?" ಎಂದು ಬೆರಗಾಗುತ್ತ ಕೇಳಿದಳು. ಆಗ ಹೊಳೆಯಿತು ನನಗೆ. ಆ ಮಳೆಯ ದಿನ ಯಜಮಾನರು ಮಾಡಿದ್ದೇನು? ಹಾಲಿವುಡ್ಡಿನವರ ಸಿನಿಮಾವನ್ನು ನನ್ನೊಬ್ಬಳಿಗಾಗಿ ಮತ್ತೆ ಕಟ್ಟಿದ್ದು! ಇವರಿಗಿಂತ ಮೊದಲು ಕಟ್ಟಿದವರು ನಮ್ಮ ಗೌಂಡಿ.

ಕಡೆಗೆ ಹಡಗು ಹೊರಟಿತು. ಬಿಳಿ ಹುಡುಗಿ ದಂಡೆಗೆ ನಡೆದು ಹೋಗಿ ನಿಂತಳು, ನಮ್ಮ ಕಡೆ ಬೆನ್ನು ಮಾಡಿ. ಮುಖ ಕಾಣಲಿಲ್ಲ. ಗಾಳಿಗೆ ಕೂದಲು ಮಾತ್ರ ಹಾರುತ್ತಿತ್ತು. ಬೆಂಗಳೂರಿನ ಕನ್ನಡವೆಲ್ಲ ನಿಂತುಹೋಗಿ, ನಮ್ಮ ಅಡುಗೆಮನೆಯ ಕನ್ನಡ ಆ ಚಳಿಯ ಕತ್ತಲಲ್ಲಿ ಮೆತ್ತಗೆ ಕೇಳಿಸಿತು:

"ಸಂಜಿ ಊಟಕ್ಕ ಬಾ."

ಮಗನ ಕಡೆ ನೋಡಿದೆ. ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದ. ಬೆಂಗಳೂರಿನ ಹುಡುಗರಲ್ಲಿ ಒಬ್ಬ ಕಣ್ಣು, ಮೂಗು ಒರೆಸಿಕೊಂಡ. ನಾನು ಮಾತ್ರ ನಗುತ್ತಿದ್ದೆ, ಕಣ್ಣೀರು ಸುರಿಯುತ್ತಿದ್ದರೂ ನಗುತ್ತಿದ್ದೆ.

ಮನೆಗೆ ಬಂದು ಒಲೆ ಹಚ್ಚಿದೆವು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ನನ್ನವು. ಬೇಳೆಯ ಪಪ್ಪು, ಗೋಂಗೂರ ಸೊಪ್ಪಿನ ಚಟ್ನಿ ಸೊಸೆಯವು. ಮಗ ಸಿಹಿ ತರುತ್ತೇನೆಂದು ಹೋಗಿ ಡಬಲ್ ಕಾ ಮೀಠಾ ತಂದ. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಮೊಮ್ಮಗಳು ಒಳಗೆ ಬರದೆ ಅಲ್ಲೇ ನಿಂತು ನನ್ನ ಮುಖ ನೋಡಿದಳು.

"ಇಂಗ್ಲಿಷಿನ್ಯಾಗ ಆಕಿ ಅಲ್ಲಿ 'ಹೋಗು' ಅಂತಾಳ ಆಯೀ, ಅಷ್ಟ. ಬೆನ್ನು ತಿರುಗಿತ್ತು. ನಾ ನಮ್ಮ ಮುತ್ಯಾನ ಮಾತು ಹಾಕಿದೆ. ಸ್ಟುಡಿಯೊದ ದೊಡ್ಡೋರು ಇನ್ನೊಮ್ಮಿ ಹಚ್ಚಿ ಕೇಳಿ, ಇರಲಿ ಬಿಡು ಅಂದ್ರು. ತಪ್ಪಾತೇನು?"

ಎದ್ದು ಹೋಗಿ ಅವಳ ಮುಖ ನೇವರಿಸಿ, ನನ್ನ ಹಣೆಗೆ ಬೆರಳೊತ್ತಿ ಲಟಿಕೆ ಮುರಿದೆ.

"ಅವ್ವಾ, ಈಗರೆ ಹೇಳು" ಎಂದ ಮಗ, ತಟ್ಟೆ ಹಾಕುತ್ತ. "ಹಳೇದು ಛಲೋ ಇತ್ತೋ, ಹೊಸಾದೋ?"

"ಅವರು ಇನ್ನೊಮ್ಮಿ ತೆಗೀಲಿ, ಮತ್ತೊಮ್ಮಿ ತೆಗೀಲಿ. ಪ್ರತಿ ಸಲಾನೂ ನಮ್ಮ ಹುಡುಗಿ ದನಿ ಇರಬೇಕು ನೋಡು."

"ಇದು ಪಕ್ಷಪಾತ ಆತು!"

"ಆತು. ಉಣ್ಣು."

ನಾಲ್ವರೂ ನೆಲದ ಮೇಲೆ ಸುತ್ತಲೂ ಕೂತೆವು. ಹುಡುಗಿ ನನಗೆ ಆತುಕೊಂಡು ಕೂತು ಚಿಕ್ಕವಳ ಹಾಗೆ ಬಾಯಿ ತೆರೆದಳು. ರೊಟ್ಟಿ ಮುರಿದು, ಎಣ್ಣೆಗಾಯಿ ಹಚ್ಚಿ, ತುತ್ತು ಮಾಡಿ ಇಟ್ಟೆ. ಟಾಕಿ ಹುಡುಗಿಯ ಮೊದಲ ಮೆಟ್ಟಿಲು. ಬಿಸಿ ರೊಟ್ಟಿಯ ಆವಿ ಮೇಲೆದ್ದು ದೀಪದ ಬೆಳಕಿನಲ್ಲಿ ನಿಧಾನವಾಗಿ ಈಜುತ್ತಿತ್ತು. ಎಲ್ಲರೂ ಉಂಡೆವು, ಹೊಟ್ಟೆ ತುಂಬ.